ಅರ್ಧ ಗಂಟೆಗೊಮ್ಮೆ ಏಳುವ ಅನುಮತಿ

ಜನನ-ಮರಣ ನೋಂದಣಿ ಕಚೇರಿಯಲ್ಲಿ ಮುದ್ರೆ ಹಾಕುವ ಗುಮಾಸ್ತೆಗೆ ಬೆನ್ನಿನ ಮೇಲ್ಭಾಗದಲ್ಲಿ, ಎರಡು ಹೆಗಲೆಲುಬುಗಳ ನಡುವೆ, ಹನ್ನೊಂದು ವರ್ಷಗಳಿಂದ ಇದ್ದ ನೋವು ಕಚೇರಿಯ ಗಮನಕ್ಕೆ ಬಂದದ್ದು ಹನ್ನೆರಡನೆಯ ವರ್ಷದಲ್ಲಿ. ಅಷ್ಟರಲ್ಲಿ ಜಡೆ ಹಾಕಿಕೊಳ್ಳಲೂ ಆಕೆಯ ಕೈ ಮೇಲೇಳುತ್ತಿರಲಿಲ್ಲ. ಗಂಡ ಹಾಕುತ್ತಿದ್ದ. ಅದು ಜಡೆಯಂತೆ ಕಾಣುತ್ತಿರಲಿಲ್ಲ.

ಫಿಸಿಯೋಥೆರಪಿಸ್ಟ್ ಹೇಳಿದ್ದು ಇಷ್ಟೇ: "ಬಗ್ಗಿ ಕೂತೇ ಇರಬೇಡಿ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ, ಹೆಗಲು ಹಿಂದಕ್ಕೆ ತಿರುಗಿಸಿ."

ಆ ಚೀಟಿಯನ್ನು ಆಕೆ ಮೇಲ್ವಿಚಾರಕರ ಮುಂದಿಟ್ಟಳು.

"ನೀವು ಏಳೋದಕ್ಕೆ ನನ್ನ ಅಭ್ಯಂತರ ಏನೂ ಇಲ್ಲಮ್ಮ," ಎಂದರು ಅವರು. "ಆದ್ರೆ ಎದ್ದ ತಕ್ಷಣ ಗೈರುಹಾಜರಿ. ಅನುಮತಿ ಬೇಕು."

"ದಿನಕ್ಕೊಂದು ಅನುಮತಿ ಸಾಕಾ ಸರ್?"

"ದಿನಕ್ಕೆ ಹನ್ನೆರಡು ಸಲ ಏಳ್ತೀರಿ. ಸಲಕ್ಕೊಂದು ಅರ್ಜಿ. ಖುದ್ದಾಗಿ ಮೂರನೇ ಮಹಡಿಯ ಅಧಿಕಾರಿಗೆ ಕೊಡಬೇಕು."

"ಅರ್ಜಿ ಕೊಡೋಕೂ ಏಳಬೇಕಲ್ಲ ಸರ್?"

"ಅದು ಕಚೇರಿ ಕೆಲಸ. ಅದಕ್ಕೆ ಅನುಮತಿ ಬೇಡ."

ಆಕೆ ಅರ್ಧ ಗಂಟೆಗೊಮ್ಮೆ ಅರ್ಜಿ ಹಿಡಿದು ಮೂರು ಮಹಡಿ ಹತ್ತಿ ಇಳಿಯತೊಡಗಿದಳು. ಅನುಮತಿ ಮರುದಿನ ಬರುತ್ತಿತ್ತು. ಏಳಬೇಕಾದ ಹೊತ್ತು ಮೀರಿದ್ದರಿಂದ ತಾನಾಗಿ ರದ್ದಾಗುತ್ತಿತ್ತು. ಹೀಗೆ ಎರಡು ತಿಂಗಳಲ್ಲಿ ಆಕೆಗೆ ಒಮ್ಮೆಯೂ ಏಳುವ ಅವಕಾಶ ದೊರೆಯಲಿಲ್ಲ. ಆದರೆ ನೋವು ಹೊರಟುಹೋಯಿತು.

ಒಂದು ಬೆಳಿಗ್ಗೆ ಆಕೆ ತಾನೇ ಜಡೆ ಹೆಣೆದುಕೊಂಡಳು. ಗಂಡ ಬಾಚಣಿಗೆ ಹಿಡಿದು ನಿಂತೇ ಇದ್ದ.

"ನಾನು ಹಾಕಿದ್ದು ಅಷ್ಟು ಕೆಟ್ಟದಾಗಿತ್ತಾ?"

"ಇಲ್ಲಾರೀ, ಕೈ ಮೇಲಕ್ಕೆ ಹೋಗ್ತಿದೆ!" ಎಂದವಳಿಗೆ ಕಣ್ಣಲ್ಲಿ ನೀರು ಬಂತು. ಖುಷಿ ತಡೆಯಲಾರದೆ ಕಚೇರಿಯಲ್ಲೂ ಹೇಳಿಬಿಟ್ಟಳು.

ವಾರದೊಳಗೆ ಸುತ್ತೋಲೆ ಹೊರಟಿತು: "ಅನುಮತಿ ವಿಳಂಬದಿಂದ ಬೆನ್ನುನೋವು ಗುಣವಾಗುವುದು ದೃಢಪಟ್ಟಿರುತ್ತದೆ. ನೋವಿರಲಿ ಇಲ್ಲದಿರಲಿ, ಎಲ್ಲ ಸಿಬ್ಬಂದಿಯೂ ಅರ್ಧ ಗಂಟೆಗೊಮ್ಮೆ ಏಳಲು ಅನುಮತಿ ಕೋರತಕ್ಕದ್ದು. ಕೋರಿಕೆಗಳನ್ನು ಎಂದಿನಂತೆ ತಡವಾಗಿ ಪರಿಶೀಲಿಸಲಾಗುವುದು."

ನಲವತ್ತು ಜನ ಸಿಬ್ಬಂದಿ ಮೆಟ್ಟಿಲ ಪಾಲಾದರು. ಆರೋಗ್ಯ ಸುಧಾರಿಸಿತು. ಕೌಂಟರಿನಲ್ಲಿ ಮಾತ್ರ ಯಾರೂ ಸಿಗುತ್ತಿರಲಿಲ್ಲ. ಮಗುವಿನ ಜನನ ನೋಂದಾಯಿಸಲು ಬಂದಿದ್ದ ತಂದೆಯೊಬ್ಬ ಕಾದು ಕಾದು, ಮಗುವಿಗೆ ಹಲ್ಲು ಬಂದಿರುವುದನ್ನೂ ಸೇರಿಸಿ ಬರೆದುಕೊಳ್ಳಬೇಕೆಂದು ವಿನಂತಿಸಿದ.

ಮೂರನೇ ಮಹಡಿಯ ಅಧಿಕಾರಿ ದಿನಕ್ಕೆ ನಾನೂರ ಎಂಬತ್ತು ಅರ್ಜಿಗಳ ಮೇಲೆ ಬಗ್ಗಿ ಸಹಿ ಹಾಕಬೇಕಾಯಿತು. ಅವರ ಹೆಗಲೆಲುಬುಗಳ ನಡುವೆ ನೋವು ಕಾಣಿಸಿಕೊಂಡಿತು. ನಿಯಮದಂತೆ ತಮಗೆ ತಾವೇ ಅರ್ಜಿ ಬರೆದುಕೊಂಡರು. ಮರುದಿನ ಅದನ್ನು ಪರಿಶೀಲಿಸಿ, "ಅರ್ಜಿದಾರರು ಖುದ್ದಾಗಿ ಮೆಟ್ಟಿಲು ಹತ್ತಿ ಬಂದಿರುವುದಿಲ್ಲ" ಎಂದು ಷರಾ ಬರೆದು ತಿರಸ್ಕರಿಸಿದರು.

ಅವರು ನರಳುವುದನ್ನು ಕಂಡು ಗುಮಾಸ್ತೆಗೆ ಅಯ್ಯೋ ಎನಿಸಿತು. "ಒಂದ್ಸಲ ಕೆಳಗಿಳಿದು ಹತ್ತಿ ಬನ್ನಿ ಸರ್, ಸರಿಹೋಗುತ್ತೆ."

ಈಗ ಅವರೂ ಅರ್ಧ ಗಂಟೆಗೊಮ್ಮೆ ಕೆಳಗಿಳಿದು, ಮತ್ತೆ ಹತ್ತಿ, ತಮ್ಮ ಕೋಣೆಯ ಬಾಗಿಲು ತಟ್ಟುತ್ತಾರೆ. ಅಧಿಕಾರಿ ಕುರ್ಚಿಯಲ್ಲಿಲ್ಲವೆಂದು ತಿಳಿದು, ಅರ್ಜಿ ಹಿಡಿದು ನಿಂತ ಸಿಬ್ಬಂದಿಯ ಸಾಲಿನ ಕೊನೆಯಲ್ಲಿ ನಿಲ್ಲುತ್ತಾರೆ. ಸಾಹೇಬರೇ ಕಾಯುತ್ತಿರುವಾಗ ಬೇರೆಯವರು ಗೊಣಗುವುದು ಚೆನ್ನಾಗಿರುವುದಿಲ್ಲವಾದ್ದರಿಂದ, ಯಾರೂ ಗೊಣಗುವುದಿಲ್ಲ.