ಸೂಪರ್‌ಹೀರೋಗೆ ಒಬ್ಬ ರಿಲೀವರ್

ಶನಿವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ಕುಣಿಗಲ್ಲಿನಲ್ಲಿರುವ ನಮ್ಮ ಭಾವನ ಮನೆ. ಹಾಜರಿದ್ದವರು: ನಾನು, ನನ್ನ ಹೆಂಡತಿ, ಅವಳ ಅಣ್ಣನಾದ ಈ ಭಾವ, ಮತ್ತು ಕಂಪ್ಯೂಟರ್ ಪರದೆಯ ಮೇಲೆ ಕೆಂಪು ಚಡ್ಡಿ ತೊಟ್ಟ ಒಬ್ಬ ಸೂಪರ್‌ಹೀರೋ.

ನಮ್ಮ ಭಾವ ಇದುವರೆಗೆ ಸಾವಿರಾರು ಜನರ ಪ್ರಾಣ ಉಳಿಸಿದ್ದಾರೆ. ಹಾಗೆ ಉಳಿದವರಲ್ಲಿ ಒಬ್ಬರಿಗೂ ಪ್ರಾಣವಿರಲಿಲ್ಲ ಎಂಬುದೊಂದೇ ಕೊರತೆ!

ತುಮಕೂರಿನ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಂಡು ನಿವೃತ್ತರಾದ ಈ ಬ್ರಹ್ಮಚಾರಿಗೆ ಗಂಟುಬಿದ್ದದ್ದು ಬ್ರೌಸರಿನಲ್ಲಿ ಆಡುವ ಒಂದು ಪುಕ್ಕಟೆ ಆಟ. ಗುಣ ಮೊದಲು ಹೇಳಿಬಿಡುತ್ತೇನೆ. ಕಾಸಿಲ್ಲ, ಡೌನ್‌ಲೋಡ್ ಇಲ್ಲ, ಮುದಿ ಕಂಪ್ಯೂಟರಿನಲ್ಲೂ ಓಡುತ್ತದೆ. ಬಾಣದ ಗುರುತಿನ ಕೀಲಿಗಳಿಂದ ಹೀರೋನನ್ನು ಹಾರಿಸಿ, ಮಹಡಿಗಳ ಮೇಲೆ ಸಿಕ್ಕಿಕೊಂಡವರನ್ನು ಎತ್ತಿ ರಸ್ತೆಗೆ ಇಳಿಸಬೇಕು. ನನ್ನಂಥ ಶಾಲಾ ಮೇಷ್ಟರಿಗೂ ಕೂಡಲೇ ಬಂತು ಎಂದ ಮೇಲೆ ಕೇಳಬೇಕೆ?

ದೋಷ? ಆ ಊರಿನಲ್ಲಿ ಎಲ್ಲರಿಗೂ ಒಂದೇ ಮುಖ! ಇಳಿಸಿದವರು ತುಸು ದೂರ ನಡೆದು ಮಾಯವಾಗುತ್ತಾರೆ. ಎಲ್ಲಿಗೆಂದು ಆಟ ತಯಾರಿಸಿದವನಿಗೂ ಗೊತ್ತಿರಲಾರದು. ಸ್ವಲ್ಪ ಹೊತ್ತು ಕೀಲಿ ಮುಟ್ಟದಿದ್ದರೆ ಹೀರೋ ನಿಧಾನವಾಗಿ ಕತ್ತು ತಿರುಗಿಸಿ, ರೆಪ್ಪೆ ಮಿಟುಕಿಸದೆ ನಮ್ಮನ್ನೇ ನೋಡುತ್ತಾ ನಿಲ್ಲುತ್ತಾನೆ. ಗುಬ್ಬಿ ಕಡೆಯ ಸಿ.ಎಸ್. ಪುರದಿಂದ ಬಂದ ನೆಂಟರೊಬ್ಬರು ಕಾಫಿಗೆ ಕಾಯುತ್ತಾ ಅವನೆದುರು ಕೂತಿದ್ದರಂತೆ.

"ಅಲ್ಲ ಕಣೋ, ಆ ಕಡೆ ಜರುಗಿದ್ರೂ ನನ್ನೇ ನೋಡ್ತಾನೆ, ಈ ಕಡೆ ಬಂದ್ರೂ ನನ್ನೇ ನೋಡ್ತಾನೆ! ಯಾರ್ಲಾ ಇವ್ನು?"

"ಏನೂ ಮಾಡಲ್ಲ ಬುಡು, ಡ್ಯೂಟೀಲವ್ನೆ," ಎಂದರು ಭಾವ ಅಡುಗೆಮನೆಯಿಂದ.

ಕಾಫಿ ಬರುವಷ್ಟರಲ್ಲಿ ನೆಂಟರು ಬಸ್ ಸ್ಟ್ಯಾಂಡ್ ಸೇರಿದ್ದರು!

ದೊಡ್ಡ ದೋಷವೆಂದರೆ, ಆಡಿದಷ್ಟನ್ನು ಉಳಿಸಿಡಲು ಆಗುವುದಿಲ್ಲ. ಮುಚ್ಚಿದರೆ ಮತ್ತೆ ಮೊದಲಿನಿಂದ. ಹಾಗಾಗಿ ಭಾವ ವಾರಗಟ್ಟಲೆ ಮುಚ್ಚಿಯೇ ಇರಲಿಲ್ಲ. ಕರೆಂಟ್ ಹೋದರೂ ಆಟ ನಿಲ್ಲಬಾರದೆಂದು ಯುಪಿಎಸ್ ತಂದರು. ಬ್ಯಾಟರಿ ಹೆಚ್ಚು ಹೊತ್ತು ಬರಲೆಂದು ಪರದೆಯನ್ನು ಮಾತ್ರ ಅದಕ್ಕೆ ಸೇರಿಸದೆ ಗೋಡೆಯ ಪ್ಲಗ್ಗಿಗೆ ಹಾಕಿದರು.

ಆ ಶನಿವಾರ ತುಮಕೂರಿನಲ್ಲಿ ಅವರ ಕಣ್ಣಿನ ಪೊರೆಯ ಆಪರೇಷನ್. ಆಗಲೇ ಎರಡು ಸಲ ತಪ್ಪಿಸಿದ್ದರು. ಇನ್ನೂ ತಡ ಮಾಡಿದರೆ ಆ ಕಣ್ಣು ಹೋಗುತ್ತದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

"ಏಳಣ್ಣ, ಕಾರ್ ಬಂತು," ಎಂದಳು ನನ್ನ ಹೆಂಡತಿ.

"ಮಹಡಿ ಮೇಲೆ ಜನ ಅವ್ರೆ ಕಣಮ್ಮ. ಮುಚ್ಚುದ್ರೆ ಇಳ್ಸಿರೋರೂ ಮತ್ತೆ ಮೇಲ್ ಹೋಗಿ ನಿಂತ್ಕತಾರೆ."

"ಅಯ್ಯೋ, ಅವು ಬೊಂಬೆಗಳು ಕಣಣ್ಣ!"

"ಬಾಯ್ಲರೂ ಬರೀ ಕಬ್ಣವೇ. ರಿಲೀವರ್ ಬರ್ದೆ ಒಂದಿನಾನಾದ್ರೂ ಅದನ್ನ ಬುಟ್ ಬಂದಿದೀನಾ?"

ಮುಂದಿನ ಪಾಳಿಯವನು ಬಂದು ನಿಲ್ಲದೆ ಜಾಗ ಬಿಡದ ಮನುಷ್ಯನೊಡನೆ ವಾದವೇ? ಕುರ್ಚಿ ಎಳೆದು ಕೂತೆ. "ಏಳಿ ಭಾವ, ನಿಮ್ಮ ರಿಲೀವರ್ ಬಂದ."

ಅವರು ನನ್ನನ್ನು ಅಳೆದು ನೋಡಿದರು. "ನಡುವೆ ಎದ್ದು ಹೋಗಂಗಿಲ್ಲ ಮೇಷ್ಟ್ರೇ. ನೋಡಿ, ಆ ಎತ್ತರದ ಕಟ್ಟಡದ ಮೇಲೆ ಒಬ್ಳವ್ಳಲ್ಲ, ಅವ್ಳನ್ನ ಎತ್ತಕ್ಕಾಗಲ್ಲ. ಆಟದಲ್ಲೇ ಏನೋ ತಪ್ಪದೆ. ಈ ಹೀರೋನ ಸುಮ್ನೆ ಅವಳ ಪಕ್ಕ ನಿಲ್ಸಿ. ಕೂಗೋದು ನಿಲ್ಲಿಸ್ತಾಳೆ."

ಅಣ್ಣ ತಂಗಿಯರನ್ನು ಹೊತ್ತು ಕಾರು ಹೋಯಿತು. ಹೇಳಿದಂತೆ ನಿಲ್ಲಿಸಿದೆ, ಅವಳು ಸುಮ್ಮನಾದಳು. ಹೀರೋ ಕತ್ತು ತಿರುಗಿಸಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ, ಕಿಟಕಿ ನೋಡಿದೆ, ಮತ್ತೆ ಅವನನ್ನು ನೋಡಿದೆ. ಅವನು ನನ್ನನ್ನು ಬಿಟ್ಟಿರಲಿಲ್ಲ.

ಊಟದ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಪರದೆ ಕಪ್ಪಾಗಿ ಅದರೊಳಗೆ ನನ್ನ ಮುಖ ಮೂಡಿತು. ಗಾಬರಿಯಲ್ಲಿ ಯಾವುದೋ ಕೀಲಿ ಒತ್ತಿಬಿಟ್ಟೆ. ಹೀರೋ ಎತ್ತ ಹಾರಿದನೋ ಕಾಣಿಸಲಿಲ್ಲ. ಆದರೆ ಯುಪಿಎಸ್ಸಿನ ದಯೆಯಿಂದ ಒಳಗೆ ಆಟ ನಡೆದೇ ಇತ್ತು!

"ಹೆಲ್ಪ್," ಎಂದಿತು ಕಪ್ಪು ಪರದೆಯ ಆಚೆಯಿಂದ ಹೆಣ್ಣು ದನಿ.

ಎಡಕ್ಕೆ ಒತ್ತಿದೆ, ಬಲಕ್ಕೆ ಒತ್ತಿದೆ. "ಹೆಲ್ಪ್." ಹೊರಗೆ ಸುಡುಬಿಸಿಲು, ಒಳಗೆ ನನ್ನ ತೋಳಿನ ರೋಮವೆಲ್ಲ ನಿಂತಿತ್ತು. ಎದ್ದು ಹೋಗೋಣವೆಂದರೆ ಅವಳೊಬ್ಬಳೇ ಅಲ್ಲವೇ? ಇದೇನು ಹುಚ್ಚು ಎಂದು ನನ್ನನ್ನೇ ಬೈದುಕೊಂಡೆ, ಆದರೆ ಏಳಲಿಲ್ಲ. ಡಬ್ಬಿಯ ಊಟ ಆರಿತು. ಯುಪಿಎಸ್ ಬೀಪ್ ಬೀಪ್ ಎಂದು ಬಡಿದುಕೊಂಡು, ಕೊನೆಗೆ ಅವಳ ಕೂಗಿನ ಅರ್ಧದಲ್ಲೇ ಸತ್ತಿತು.

ಸಂಜೆ ಭಾವ ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದರು. ಆಪರೇಷನ್ ಚೆನ್ನಾಗಿ ಆಯಿತಂತೆ. ನನ್ನ ಮುಖ ನೋಡಿಯೇ ಕೇಳಿದರು:

"ಹೋಯ್ತಾ?"

"ಹೋಯ್ತು ಭಾವ. ಕರೆಂಟು."

"ಕತ್ಲೇಲಿ ಕೂಗಿದ್ಳಾ?"

"ಕೂಗಿದ್ಳು."

"ನೀವು ಎದ್ದೋದ್ರಾ?"

"ಇಲ್ಲ. ದನಿ ನಿಲ್ಲೋವರೆಗೂ ಇಲ್ಲೇ ಇದ್ದೆ."

ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವರು ತಡಕಿ ನನ್ನ ಕೈ ಹಿಡಿದುಕೊಂಡರು.

"ಆಪರೇಷನ್ ಮಾಡೋವಾಗ ಮುಖಕ್ಕೆ ಬಟ್ಟೆ ಮುಚ್ಚುದ್ರು ಮೇಷ್ಟ್ರೇ. ಯಾರೂ ಕಾಣಿಸ್ಲಿಲ್ಲ. ನಂಗೂ ಕೂಗ್ಬೇಕು ಅನ್ನಿಸ್ತು. ನಾಚ್ಕೆ ಆಯ್ತು, ಸುಮ್ನಿದ್ದೆ."

ಮಾತ್ರೆ ನುಂಗಿಸಿ ಅಂಗಾತ ಮಲಗಿಸಿದೆ. ನಿದ್ರೆ ಹತ್ತುವವರೆಗೆ ಕೈ ಬಿಡಿಸಿಕೊಳ್ಳದೆ ಪಕ್ಕದಲ್ಲಿ ಕೂತಿದ್ದೆ. ಆ ದಿನ ನಾನು ಮುಗಿಸಿದ ಕೊನೆಯ ಪಾಳಿ ಅದು.