ಜೋಗಿಮಟ್ಟಿ ಮೇಲೆ ಸಂಡಿಗೆ ಚಿಂತೆ

ಈ ಬೇಸಿಗೆಯಲ್ಲಿ ಮಧ್ಯಾಹ್ನದ ಗುಡುಗುಮಳೆಗೆ ಸಿಕ್ಕದೆ ಜೋಗಿಮಟ್ಟಿ ಬೆಟ್ಟ ಹತ್ತಿಳಿದು ತೋರಿಸಿಯೇ ಸೈ ಎಂದು ಪಂಚಾಕ್ಷರಪ್ಪ ಶಪಥ ಮಾಡಿದರು. ದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟ ಗಂಡಸು ಮೋಡಕ್ಕೆ ಹೆದರುವುದೇ? ಕಳೆದೆರಡು ಭಾನುವಾರ ಗಂಡಹೆಂಡಿರು ನೆಂದು ತೊಪ್ಪೆಯಾಗಿ ಬಂದದ್ದು ಮೋಡದ ತಪ್ಪು, ಅವರ ಲೆಕ್ಕದ್ದಲ್ಲ!

ಈ ಭಾನುವಾರ ಬೆಳಗ್ಗೆ ತಮ್ಮ ಹತ್ತಿ ಹಾಸಿಗೆಯನ್ನು ಬಿಸಿಲಿಗೆ ಹಾಕಲು ತಾರಸಿಗೆ ಹೊತ್ತೊಯ್ದರು. ಅಲ್ಲಿ ಹಳೇ ಸೀರೆಯ ಮೇಲೆ ಹೆಂಡತಿ ಶಿವಗಂಗಾ ಇಡೀ ವರ್ಷಕ್ಕೆಂದು ಇಟ್ಟ ಸಂಡಿಗೆ ಒಣಗುತ್ತಿತ್ತು.

"ರೀ, ಮಳೆ ಬಂದ್ರೆ?"

"ಬರಲ್ಲ ಕಣೇ! ಫೋನ್ ನೋಡು, ಸೂರ್ಯ ಹಲ್ಲು ಕಿಸ್ಕಂಡು ಕುಂತಾನೆ. ಬೆಟ್ಟಕ್ಕೆ ಬಂದ್ರೂ ಸಂಜೆಗೆ. ಊರಿಗೆ ಒಂದು ಹನಿ ಬಿದ್ರೆ ನನ್ನ ಕೇಳು. ನನ್ನ ಹಾಸಿಗೆನೇ ಹಾಕೀನಿ, ಇನ್ನೇನು ಬೇಕು?"

"ಹಂಗಾದ್ರೆ ಸರಿ ಬಿಡ್ರಿ" ಎಂದಳು. ಅವರು ಗತ್ತಿನಿಂದ ಸ್ಕೂಟರಿಗೆ ಪೆಟ್ರೋಲ್ ಹಾಕಿಸಲು ಹೋದರು.

ಮಧ್ಯಾಹ್ನ ಇಬ್ಬರೂ ಜೋಗಿಮಟ್ಟಿಯ ನೆತ್ತಿ ತಲುಪಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಪಂಚಾಕ್ಷರಪ್ಪ ಮೀಸೆ ತಿರುವಿ ಕೂತರು. ಅಷ್ಟರಲ್ಲಿ ಹಿರಿಯೂರು ಕಡೆಯಿಂದ ಕರಿಮೋಡ ಎದ್ದಿತು. ಕೂತವರು ಎದ್ದರು. ಎದ್ದವರು ಬಂಡೆ ಹತ್ತಿದರು. ಮೋಡ ಬೆಟ್ಟವನ್ನು ಕಣ್ಣೆತ್ತಿಯೂ ನೋಡದೆ ನೆಟ್ಟಗೆ ಊರಿನ ಮೇಲೆ ಹೋಗಿ ನಿಂತಿತು. ಗುಡುಗಿತು. ನೋಡನೋಡುತ್ತಿದ್ದಂತೆ ಕೋಟೆ ಮಾಯ, ಪೇಟೆ ಮಾಯ!

"ಗಂಗಾ! ಮಳೆ ನಮ್ಮ ಬೀದಿಗೇ ಹೋಯ್ತಲ್ಲೇ!"

"ಮಂಡಕ್ಕಿ ತಿನ್ರಿ, ಮೆತ್ತಗಾಗ್ತಾವೆ."

"ಸಂಡಿಗೆ ಕಣೇ, ಸಂಡಿಗೆ!"

"ಊರಿಗೆ ಒಂದು ಹನಿನೂ ಬೀಳಲ್ಲ ಅಂದ್ರಲ್ಲ?"

ಸಂಡಿಗೆ ಹೋದರೆ ಹೋಗಲಿ, ಈ ಮಾತನ್ನು ಮುಂದಿನ ಬೇಸಿಗೆಯವರೆಗೆ ಪ್ರತಿ ಊಟಕ್ಕೂ ಬಡಿಸುತ್ತಾಳಲ್ಲ! ಪಂಚಾಕ್ಷರಪ್ಪ ಮಂಡಕ್ಕಿ ಚೆಲ್ಲಿ, ಚಪ್ಪಲಿ ಕಿತ್ತುಹೋಗಿ, ಬರಿಗಾಲಲ್ಲೇ ದಡದಡ ಇಳಿದರು. ಕೆಳಗೆ ಸ್ಕೂಟರ್ ಹತ್ತುವ ಮುನ್ನ ಶಿವಗಂಗಾ ಚೀಲದಿಂದ ರೈನ್‌ಕೋಟ್ ತೆಗೆದಳು. ಒಂದೇ ಒಂದು. ಅವಳದು.

ಊರು ಮುಟ್ಟುವಷ್ಟರಲ್ಲಿ ಪಂಚಾಕ್ಷರಪ್ಪ ಒದ್ದೆ ಮುದ್ದೆ. ಏದುಸಿರು ಬಿಡುತ್ತಾ ತಾರಸಿಗೆ ಓಡಿದರು. ಸಂಡಿಗೆ ಇಲ್ಲ, ಸೀರೆಯೂ ಇಲ್ಲ! ಹಾಸಿಗೆ ಮಾತ್ರ ನೀರು ಕುಡಿದು ಉಬ್ಬಿ ಬಿದ್ದಿತ್ತು.

ಕೆಳಗಿಳಿದು ತಲೆ ತಗ್ಗಿಸಿ ನಿಂತರು. "ಗಂಗಾ, ಸೀರೆ ಸಮೇತ ಕೊಚ್ಕಂಡು ಹೋಗೈತೆ. ನಂದೇ ತಪ್ಪು. ಇನ್ಮೇಲೆ ಮಳೆ ವಿಷ್ಯ ಎತ್ತಿದ್ರೆ ಕೇಳು."

ಶಿವಗಂಗಾ ಕೋಣೆಯ ಬಾಗಿಲು ತೆರೆದಳು. ಫ್ಯಾನಿನ ಕೆಳಗೆ, ಸೀರೆಯ ಮೇಲೆ ಸಂಡಿಗೆ ಗರಿಗರಿಯಾಗಿ ಕೂತಿತ್ತು.

"ಯಾವಾಗ ಒಳಗೆ ತಂದ್ಯೇ?"

"ನೀವು ಮಳೆ ಬರಲ್ಲ ಅಂದ್ರಲ್ಲ, ಆವಾಗ್ಲೇ. ನೀವು ಪೆಟ್ರೋಲಿಗೆ ಹೋದ್ರಿ, ನಾನು ತಾರಸಿಗೆ ಹೋದೆ."

"ಬೆಟ್ಟದ ಮೇಲೇ ಹೇಳಬಾರದಾಗಿತ್ತೇನೇ?"

"ಹೇಳಿದ್ರೆ 'ನಂದೇ ತಪ್ಪು' ಅನ್ನೋ ಮಾತು ನಿಮ್ಮ ಬಾಯಲ್ಲಿ ಬರ್ತಿತ್ತಾ?"

"ಆತು ಬಿಡು! ಅದ್ರ ಪಕ್ಕದಲ್ಲೇ ಇದ್ದ ನನ್ನ ಹಾಸಿಗೇನೂ ಎತ್ತಬಾರದಾ?"

ಶಿವಗಂಗಾ ಟವೆಲ್ ಅವರ ತಲೆ ಮೇಲೆ ಹಾಕಿದಳು.

"ಈ ಮನೇಲಿ ಒಬ್ಬರಾದ್ರೂ ನಿಮ್ಮ ಮಾತು ನಂಬ್ಲಿ ಅಂತ ಅದನ್ನ ಅಲ್ಲೇ ಬಿಟ್ಟೆ ಕಣ್ರೀ!"