ಎರಡು ಎಲೆ, ಅರ್ಧ ಮೀಸೆ

ಬೇರೆಯವರ ಮನೆಗೆ ನೆಂಟರು ಬರ್ತಾರೆ, ಕೊರಿಯರ್ ಬರುತ್ತೆ. ನಮ್ಮ ಮನೆಗೆ ಪಜೀತಿ ಅಡ್ರೆಸ್ ಕೇಳಿಕೊಂಡು ಬರುತ್ತೆ. ನಮ್ಮಪ್ಪ ಬಿಳೇಕಹಳ್ಳಿಯಲ್ಲಿ ರಾಗಿ ಬೆಳೆದ ನೆಲದಲ್ಲೇ ಈಗ ನಾನು ಬಾಡಿಗೆ ಬೆಳೆಯುತ್ತಿದ್ದೇನೆ. ರಮ್ಮಿ ಆಟದಲ್ಲಂತೂ ಬನ್ನೇರುಘಟ್ಟ ರಸ್ತೆಯ ಈ ಕಡೆ ನನ್ನ ಸಮ ಇನ್ನೊಬ್ಬನಿಲ್ಲ. ಆ ಕಡೆ ಯಾರಾದರೂ ಇರಬಹುದು. ಟ್ರಾಫಿಕ್‌ನಲ್ಲಿ ರಸ್ತೆ ದಾಟಿ ವಿಚಾರಿಸೋಕೆ ಆಗಿಲ್ಲ. ಅಂಥವನು ಅರವತ್ತೆರಡಕ್ಕೆ ಪೋಕರ್ ಕಲಿಯಲು ಹೊರಟೆ.

೧. ಎಲ್ಲರದ್ದು ಅಂದರೆ ಯಾರದ್ದು?

ಗುರು, ನಮ್ಮ ಮಹಡಿ ಮೇಲೆ ಬಾಡಿಗೆಗಿರುವ ಗದಗದ ಇಂಜಿನಿಯರ್. ಶಿಷ್ಯರು ಮೂವರು: ನಾನು, ಪಕ್ಕದ ಮನೆಯ ನಿವೃತ್ತ ಪಿ.ಟಿ. ಮೇಷ್ಟ್ರು, ಬನಶಂಕರಿಯಿಂದ ಬರುವ ನನ್ನ ಷಡ್ಡಕ. ಭಾನುವಾರದ ಊಟ ಮುಗಿಸಿ ಕೂತೆವು. ದುಡ್ಡು ಕಟ್ಟಿದರೆ ರಾತ್ರಿ ಅಡುಗೆ ಇಲ್ಲ ಅಂತ ನನ್ನ ಹೆಂಡತಿ ಆರ್ಡರ್ ಮಾಡಿದ್ದರಿಂದ ಪಣಕ್ಕೆ ಬೆಂಕಿಕಡ್ಡಿ.

ಇಂಜಿನಿಯರ್ ತಲೆಗೆ ಎರಡೇ ಎಲೆ ಹಾಕಿದ. ಉಳಿದ ಹನ್ನೊಂದು ಯಾವಾಗ ಬರುತ್ತೆ ಅಂತ ಕೇಳಿದೆ. ಅಷ್ಟೇ ಅಂದ. ಆಮೇಲೆ ಮಧ್ಯದಲ್ಲಿ ಒಂದೊಂದೇ ಎಲೆ ತೆರೆದಿಟ್ಟ. ಅಲ್ಲೊಂದು ಆಟಿನ್ ರಾಣಿ ಅನಾಥವಾಗಿ ಬಿದ್ದಿತ್ತು. ನನ್ನ ಕೈಯಲ್ಲೊಂದು ರಾಣಿ ಇದ್ದಳು. ರಮ್ಮಿ ಆಡಿದ ಕೈ ಸುಮ್ಮನಿರುತ್ತಾ? ಆ ರಾಣಿಯನ್ನ ಎತ್ತಿಕೊಂಡು, ಬೇಡದ ಎಂಟನ್ನ ಅಲ್ಲಿಗೆ ಎಸೆದೆ.

"ಅಂಕಲ್, ಹಂಗ ಎತ್ಕೊಳ್ಳಾಕ ಬರಂಗಿಲ್ರಿ. ಮಧ್ಯದಾಗ ಇರೋದು ಎಲ್ಲಾರ್ದೂ ಐತ್ರಿ" ಅಂದ.

"ನೋಡಪ್ಪಾ, ಬಿಳೇಕಹಳ್ಳಿಯಲ್ಲಿ ಎಲ್ಲರದ್ದು ಅಂದ್ರೆ, ಮೊದಲು ಕಾಂಪೌಂಡ್ ಹಾಕಿದವನದ್ದು ಅಂತ ಅರ್ಥ" ಅಂದೆ.

೨. ಶಪಥ

ಎರಡನೇ ಭಾನುವಾರ ನನಗೆ ಎರಡು ಎಕ್ಕ ಬಂದು ಒಂದು ಆಟ ಗೆದ್ದೆ. ಬೀದಿಗೆಲ್ಲ ಕೇಳುವ ಹಾಗೆ ಹೇಳಿಕೊಂಡೆ. ಆಗ ಇಂಜಿನಿಯರ್, ಒಳ್ಳೆ ಎಲೆಯಲ್ಲಿ ಯಾರು ಬೇಕಾದರೂ ಗೆಲ್ಲುತ್ತಾರೆ, ಕೆಲಸಕ್ಕೆ ಬಾರದ ಎಲೆ ಹಿಡಿದು ಉಳಿದವರನ್ನ ಹೆದರಿಸಿ ಓಡಿಸುವುದೇ ಪೋಕರ್ ಅಂತ ಪಾಠ ಹೇಳಿದ. ಷಡ್ಡಕ ನಕ್ಕ. "ನಮ್ಮ ಭಾವನ ಕೈಲಿ ಅದು ಆಗೋ ಮಾತಾ? ಕಾಫಿಗೆ ಸಕ್ಕರೆ ಕಮ್ಮಿಯಾದ್ರೂ ಮುಖದಲ್ಲಿ ಬರೆದಿರುತ್ತೆ."

ನನಗೆ ಪಿತ್ತ ಏರಿತು. ಸಂಕ್ರಾಂತಿಯೊಳಗೆ ಕೆಟ್ಟ ಎಲೆಯಲ್ಲಿ ಒಂದೇ ಒಂದು ಆಟ ಗೆಲ್ಲದಿದ್ದರೆ ಅರ್ಧ ಮೀಸೆ ಬೋಳಿಸುತ್ತೀನಿ ಅಂದುಬಿಟ್ಟೆ.

ನನ್ನ ಮೀಸೆ ಸಾಮಾನ್ಯದ್ದಲ್ಲ. ಮೂವತ್ತೈದು ವರ್ಷದ ಬೆಳೆ. ಅದನ್ನು ನೋಡಿಯೇ ಬಾಡಿಗೆದಾರರು ಗೋಡೆಗೆ ಮೊಳೆ ಹೊಡೆಯಲ್ಲ. ಅಂದುಬಿಟ್ಟ ಮೇಲೆ ನೆನಪಾಯ್ತು, ಸಂಕ್ರಾಂತಿಯ ಮಾರನೇ ದಿನವೇ ಮಗಳನ್ನ ಕೇಳಿಕೊಂಡು ಗಂಡಿನ ಕಡೆಯವರು ಬರುವವರಿದ್ದರು. ಅರ್ಧ ಮೀಸೆ ಹೊತ್ತು ಬೀಗರ ಮುಂದೆ ಹೇಗೆ ಕೂರಲಿ? ಹೆಂಡತಿ ಸಮಾಧಾನ ಮಾಡಿದಳು: "ಪಕ್ಕಕ್ಕೆ ತಿರುಗಿ ಕೂತ್ಕೊಳ್ಳಿ."

೩. ಅವರೆಕಾಯಿ ಆಟ

ಮುಂದಿನ ವಾರ ಬೆಂಕಿಕಡ್ಡಿ ಬದಲು ಹೆಂಡತಿ ಒಂದು ಚೀಲ ಅವರೆಕಾಯಿ ತಂದು ಸುರಿದಳು. ಪಣಕ್ಕೆ ಇದೇ ಇರಲಿ, ಗೆದ್ದವರು ಗೆದ್ದ ಕಾಯನ್ನೆಲ್ಲ ಸುಲಿದು, ನೆನೆಸಿ, ಕಾಳು ಹಿಸುಕಿಕೊಡಬೇಕು ಅಂತ ಷರತ್ತು.

ಅಲ್ಲಿಗೆ ಆಟವೇ ತಿರುಗಿಬಿತ್ತು. ಮೇಷ್ಟ್ರು ಎಲೆ ನೋಡುವ ಮೊದಲೇ ಫೋಲ್ಡ್, ಅಂದರೆ ಈ ಆಟ ನನಗೆ ಬೇಡ ಅಂತ ಎಲೆ ಕೆಳಗಿಟ್ಟುಬಿಡುವುದು. ಷಡ್ಡಕ ಮೂರು ಎಕ್ಕ ಸೇರಿದ್ದರೂ ಸೊಂಟ ನೋವು ಅಂತ ಎಲೆ ಕೆಳಗಿಟ್ಟ. ಕೆಟ್ಟ ಎಲೆಯಲ್ಲಿ ಗೆಲ್ಲೋಕೆ ಅದಕ್ಕಿಂತ ಒಳ್ಳೆ ಗಳಿಗೆ ನನಗೆ ಇನ್ನೆಲ್ಲಿ ಸಿಗಬೇಕು? ಆದರೆ ಕೆಲಸ ತಪ್ಪಿಸಿಕೊಳ್ಳುವ ಭರದಲ್ಲಿ, ಆ ಮಧ್ಯಾಹ್ನ ಅತಿ ಹೆಚ್ಚು ಸಲ ಫೋಲ್ಡ್ ಮಾಡಿದವನು ನಾನೇ.

೪. ಕಲ್ಲು ಮುಖ

ಮುಖದಲ್ಲಿ ಏನೂ ತೋರಿಸಬಾರದು ಅಂತ ಕನ್ನಡಿ ಮುಂದೆ ನಿಂತು ಅಭ್ಯಾಸ ಶುರು ಮಾಡಿದೆ. ಹೆಂಡತಿ ಮೂರು ಸಲ 'ರೀ' ಅಂದಳು. ನಾನು ಕದಲಲಿಲ್ಲ. ಲಕ್ವ ಹೊಡೆದಿದೆ ಅಂತ ಕಿರುಚಿ ಇಂಜಿನಿಯರ್‌ನನ್ನ ಕರೆದಳು. ಇಬ್ಬರೂ ಆಟೋಗೆ ತುಂಬಿ ನರ್ಸಿಂಗ್ ಹೋಂಗೆ ಸಾಗಿಸಿದರು.

ಡಾಕ್ಟರು, ಒಂಚೂರು ನಗಿ ಸಾರ್ ಅಂದರು. ಇದು ಷಡ್ಡಕನ ಪಿತೂರಿ ಇರಬೇಕು, ನನ್ನನ್ನ ಪರೀಕ್ಷೆ ಮಾಡ್ತಿದ್ದಾರೆ ಅಂತ ನಾನು ಕಲ್ಲಾದೆ. ಕೈ ಎತ್ತಿ ಅಂದರು. ಎತ್ತಲಿಲ್ಲ. ಕೊನೆಗೆ ನರ್ಸ್ ಒಬ್ಬರು ಗೇಣುದ್ದದ ಸೂಜಿ ಹಿಡಿದು ಬಂದರು ನೋಡಿ, ಮುಖದ ಅಷ್ಟೂ ನರಗಳು ಒಟ್ಟಿಗೆ ಡ್ಯೂಟಿಗೆ ಹಾಜರಾದವು. ಡಾಕ್ಟರು ನನ್ನನ್ನು ಬಿಟ್ಟು ಹೆಂಡತಿಗೆ ಬಿ.ಪಿ. ಮಾತ್ರೆ ಬರೆದುಕೊಟ್ಟರು.

೫. ಬೀಳ್ಕೊಡುಗೆ

ಸಂಕ್ರಾಂತಿ ಬಂತು. ಷಡ್ಡಕ ಎಳ್ಳು ಬೆಲ್ಲದ ಪೊಟ್ಟಣದ ಜೊತೆ ಹೊಸ ರೇಜರನ್ನೂ ತಂದಿದ್ದ. ಮಧ್ಯಾಹ್ನವೆಲ್ಲ ಮತ್ತೆ ಬೆಂಕಿಕಡ್ಡಿ ಕಟ್ಟಿಯೇ ಆಡಿದೆವು. ನಾನು ಸುಳ್ಳು ಪಣ ಕಟ್ಟಿದಾಗೆಲ್ಲ ಮೂವರೂ ಹಿಡಿದು ಹಾಕಿದರು. ಹೆಂಡತಿ ಬಿಸಿನೀರು ಕಾಯಿಸಲಾ ಅಂತ ಕೇಳಿದಳು. ಉಳಿದಿದ್ದು ಒಂದೇ ಆಟ.

ಎಲೆ ಎತ್ತಿ ನೋಡಿದೆ. ಕಳಾವರ್ ಎರಡು, ಡೈಮಂಡ್ ಏಳು. ಇಸ್ಪೀಟಿನ ಕಟ್ಟಿನಲ್ಲಿ ಅದಕ್ಕಿಂತ ದರಿದ್ರ ಜೋಡಿ ಇಲ್ಲವಂತೆ. ಇನ್ನು ಇಟ್ಟುಕೊಂಡು ಏನು ಮಾಡಲಿ ಅಂತ ಇದ್ದಬದ್ದ ಬೆಂಕಿಕಡ್ಡಿಯನ್ನೆಲ್ಲ ಮುಂದಕ್ಕೆ ತಳ್ಳಿದೆ. ಆಟ ಮರೆತೇ ಹೋಯ್ತು. ಮೂವತ್ತೈದು ವರ್ಷದ ಸಂಗಾತಿಗೆ ವಿದಾಯ ಹೇಳಬೇಕಲ್ಲ. ಬಲಗಡೆ ಮೀಸೆಯನ್ನ ಮೆಲ್ಲಗೆ ನೀವಿದೆ. ತುದಿಯನ್ನ ಕೊನೆಯ ಸಲ ಹುರಿ ಮಾಡಿದೆ.

ಮೇಷ್ಟ್ರು ನನ್ನನ್ನೇ ನೋಡಿ ಎಲೆ ಕೆಳಗಿಟ್ಟರು. ಇಂಜಿನಿಯರ್ ಇಟ್ಟ. ಎರಡು ರಾಜ ಹಿಡಿದು ಕೂತಿದ್ದ ಷಡ್ಡಕ ಮೂರು ನಿಮಿಷ ಒದ್ದಾಡಿ, ಅವನೂ ಇಟ್ಟ.

ನನ್ನ ಎಲೆ ತೆರೆದೆ. ಎರಡು, ಏಳು.

ಇಂಜಿನಿಯರ್ ತಲೆ ಮೇಲೆ ಕೈ ಹೊತ್ತ. "ಎಲಿ ಚಲೋ ಬಂದಾಗಷ್ಟ ನಿಮ್ಮ ಕೈ ಮೀಸಿಗೆ ಹೋಗ್ತಿತ್ತಲ್ರೀ ಅಂಕಲ್! ಅದನ್ನ ನೋಡ್ಕೊಂಡ ನಾವು ಮೂರೂ ಮಂದಿ ಆಡ್ತಿದ್ವಿ."

ಎದೆ ಮೇಲಿಂದ ಯಾರೋ ಗ್ಯಾಸ್ ಸಿಲಿಂಡರ್ ಇಳಿಸಿದ ಹಾಗಾಯ್ತು. ಆದರೆ ಬಿಟ್ಟುಕೊಡುತ್ತೀನಾ? ಇಷ್ಟು ವಾರದಿಂದ ನಿಮ್ಮನ್ನ ಬೇಕಂತಲೇ ಹಾಗೆ ಪಳಗಿಸಿದ್ದು, ಎಲ್ಲ ನನ್ನ ಪ್ಲಾನು ಅಂದೆ.

"ಪ್ಲಾನಾದ್ರೆ ಕಣ್ಣಲ್ಲಿ ನೀರು ಯಾಕ್ರೀ ಬಂತು?" ಹೆಂಡತಿ ಕೇಳಿದಳು.

"ಅದು ಪ್ಲಾನಿನ ಮುಖ್ಯ ಭಾಗ ಕಣೇ" ಅಂದೆ, ಮೂಗು ಒರೆಸಿಕೊಳ್ಳುತ್ತಾ.